ಫುಟ್‌ಬಾಲ್ ಚರಿತ್ರೆಯ ಸರಣಿ ನೋಡಿದವರಿಗೆ ಒಂದು ಬಹಿರಂಗ ಪತ್ರ



2002ರಲ್ಲಿ ಹೊರಬಂದ, ಬ್ರಿಟಿಷ್ ನಟ ಟೆರೆನ್ಸ್ ಸ್ಟ್ಯಾಂಪ್ ಅವರ ಧ್ವನಿಯಲ್ಲಿ ಸಾಗುವ, 13 ಕಂತುಗಳ ‘ಹಿಸ್ಟರಿ ಆಫ್ ಫುಟ್‌ಬಾಲ್: ದಿ ಬ್ಯೂಟಿಫುಲ್ ಗೇಮ್’ ಎಂಬ ಸಾಕ್ಷ್ಯಚಿತ್ರ ಸರಣಿಯನ್ನೂ ಅದರ ಜಾಡಿನಲ್ಲಿ ಬಂದ ಇತರ ಸರಣಿಗಳನ್ನೂ ನೋಡಿದವರು ಅವುಗಳ ಬಗ್ಗೆ ಮುಕ್ತವಾಗಿ ಅಭಿಪ್ರಾಯ ಹೇಳುತ್ತ ಬಂದಿದ್ದಾರೆ. ಆ ಅಭಿಪ್ರಾಯಗಳಲ್ಲಿ ಮೆಚ್ಚುಗೆಯೂ ಇದೆ, ಮುನಿಸೂ ಇದೆ. ಒಂದೂವರೆ ಶತಮಾನದ ಆಟವನ್ನು ಕೆಲವೇ ಗಂಟೆಗಳಲ್ಲಿ ಕಟ್ಟಿಕೊಟ್ಟ ಸಾಹಸವನ್ನು ಹಲವರು ಕೊಂಡಾಡಿದರೆ, ವರ್ಷಾನುಕ್ರಮವನ್ನು ಬಿಟ್ಟು ವಿಷಯಾನುಕ್ರಮವನ್ನು ಹಿಡಿದದ್ದರಿಂದ ಅದೇ ಪಂದ್ಯ, ಅದೇ ಗೋಲು ಮತ್ತೆ ಮತ್ತೆ ಬರುತ್ತದೆಂದು ಕೆಲವರು ಬೇಸರಪಡುತ್ತಾರೆ. ಆದರೆ ಇಂಥ ಸರಣಿಗಳ ಬಗ್ಗೆ ಎಲ್ಲ ಕಾಲಕ್ಕೂ ಎಲ್ಲ ದೇಶಗಳಿಂದಲೂ ಕೇಳಿಬರುವ ದೂರು ಬೇರೊಂದಿದೆ: ತಮ್ಮ ದೇಶಕ್ಕೆ, ತಮ್ಮ ಕ್ಲಬ್ಬಿಗೆ, ತಾವು ಆರಾಧಿಸುವ ಆಟಗಾರನಿಗೆ ಸಿಕ್ಕ ಸಮಯ ಸಾಲದು, ಇಂಗ್ಲೆಂಡಿಗೆ ಸಿಕ್ಕದ್ದು ಅತಿಯಾಯಿತು ಎಂಬುದು.

ಈ ದೂರಿನಲ್ಲಿ ಹುರುಳಿಲ್ಲವೆಂದು ಈ ಪತ್ರ ಹೇಳುವುದಿಲ್ಲ. ಚರಿತ್ರೆಯನ್ನು ಅಣ್ಣತಮ್ಮಂದಿರ ಆಸ್ತಿಯಂತೆ ಪಾಲು ಹಾಕಿ, ಯಾರಿಗೆಷ್ಟು ನಿಮಿಷ ಬಂತೆಂದು ಅಳೆಯುವುದರಲ್ಲೇ ಅಭಿಪ್ರಾಯ ಮುಗಿದುಹೋಗುತ್ತಿದೆ ಎಂಬುದಷ್ಟೇ ಇಲ್ಲಿನ ಆಕ್ಷೇಪ. ಪುಸ್ತಕದ ಚರಿತ್ರೆಕಾರನು ಅಡಿಟಿಪ್ಪಣಿ ಕೊಡುತ್ತಾನೆ, ಓದುಗನು ಬೇಕಾದರೆ ಆಧಾರವನ್ನು ಹುಡುಕಿ ಪರೀಕ್ಷಿಸಬಹುದು. ತೆರೆಯ ಮೇಲಿನ ಚರಿತ್ರೆಗೆ ಆ ಏರ್ಪಾಡಿಲ್ಲ. ಒಂದು ದೃಶ್ಯ ಯಾವ ವರ್ಷದ್ದು, ಯಾರು ತೆಗೆದದ್ದು, ಯಾಕೆ ತೆಗೆದದ್ದು, ಅದರ ಹಿಂದುಮುಂದು ಏನಿತ್ತು ಎಂಬುದನ್ನು ತಿಳಿಸುವ ಹೊಣೆಯನ್ನು ಸರಣಿ ಸಾಮಾನ್ಯವಾಗಿ ಹೊರುವುದಿಲ್ಲವಾದ್ದರಿಂದ, ಆ ಪ್ರಶ್ನೆಗಳನ್ನು ಎತ್ತಬಲ್ಲವರು ವೀಕ್ಷಕರು ಮಾತ್ರ. ಅವರು ನಿಮಿಷಗಳ ಲೆಕ್ಕದಲ್ಲಿ ನಿಂತುಬಿಟ್ಟರೆ ಮೂಲದ ಪ್ರಶ್ನೆ ಕೇಳುವವರೇ ಇಲ್ಲದಂತಾಗುತ್ತದೆ.

ಮೊದಲು ದೃಶ್ಯಗಳ ಹುಟ್ಟನ್ನೇ ನೋಡಬಹುದು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಹುಟ್ಟಿದ್ದು 1863ರ ಅಕ್ಟೋಬರ್ 26ರಂದು. ಚಲನಚಿತ್ರದ ಕ್ಯಾಮೆರಾ ಮೈದಾನಕ್ಕೆ ಬಂದದ್ದು ಅದಾಗಿ ಮೂರು ದಶಕಗಳ ಮೇಲೆ. ಆದ್ದರಿಂದ ಆಟ ನಿಯಮಬದ್ಧವಾದ, ಕೈಯಲ್ಲಿ ಚೆಂಡು ಹಿಡಿಯುವ ರಗ್ಬಿಯಿಂದ ಅದು ಕವಲೊಡೆದ, ಕಾರ್ಖಾನೆಯ ಕಾರ್ಮಿಕರು ಸಿರಿವಂತ ಶಾಲೆಗಳ ಹುಡುಗರಿಂದ ಅದನ್ನು ತಮ್ಮದಾಗಿಸಿಕೊಂಡ ಇಡೀ ಅವಧಿಗೆ ಚಲಿಸುವ ಚಿತ್ರವೇ ಇಲ್ಲ. ಆ ಕಾಲದ ಕಥೆ ಬಂದಾಗ ಸರಣಿಗಳು ಕೆತ್ತನೆ ಚಿತ್ರಗಳನ್ನೂ ಫೋಟೋಗಳನ್ನೂ ತೋರಿಸಿ ಬೇಗ ಬೇಗ ಮುಂದೆ ಸಾಗುವುದು ಇದೇ ಕಾರಣಕ್ಕೆ, ಆ ಕಾಲ ಮುಖ್ಯವಲ್ಲವೆಂದಲ್ಲ. ಚೀನದ ತ್ಸುಚು, ಫ್ಲಾರೆನ್ಸ್ ನಗರದ ಕಾಲ್ಚೊ ಮೊದಲಾದ ಹಳೆಯ ಚೆಂಡಾಟಗಳಿಗೆ ಒಂದೆರಡು ನಿಮಿಷ ಮಾತ್ರ ಸಿಗುವುದಕ್ಕೂ ಇದೇ ಕಾರಣವಿರಬೇಕು.

ಉಳಿದಿರುವ ಆರಂಭದ ಚಿತ್ರಗಳಲ್ಲಿ ಲ್ಯಾಂಕಾಷೈರ್ ಪ್ರಾಂತದ ಬ್ಲ್ಯಾಕ್‌ಬರ್ನ್ ಪಟ್ಟಣದ ಸೇಗರ್ ಮಿಚೆಲ್ ಮತ್ತು ಜೇಮ್ಸ್ ಕೆನ್ಯನ್ ಎಂಬಿಬ್ಬರು ತೆಗೆದವು ಬಹು ಮುಖ್ಯವಾದವು. ಅವರ ಸುಮಾರು 800 ನೆಗೆಟಿವ್ ಸುರುಳಿಗಳು ಲೋಹದ ಪೀಪಾಯಿಗಳಲ್ಲಿ ತುಂಬಿದ್ದ ಸ್ಥಿತಿಯಲ್ಲಿ 1994ರಲ್ಲಿ ಅದೇ ಊರಿನ ಒಂದು ಹಳೆಯ ಅಂಗಡಿಯ ನೆಲಮಾಳಿಗೆಯಲ್ಲಿ ಸಿಕ್ಕವು. ಕಟ್ಟಡ ಕೆಡವುತ್ತಿದ್ದವರ ಕಣ್ಣು ತಪ್ಪಿದ್ದರೆ ಅವು ಕಸವಾಗುತ್ತಿದ್ದವು. ಅವುಗಳಲ್ಲಿ 1902ರ ಡಿಸೆಂಬರ್‌ನಲ್ಲಿ ನಡೆದ ಬರ್ನ್ಲಿ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯದ ಚಿತ್ರವೂ ಇದೆ. ಈ ಬಗೆಯ ಸುರುಳಿಗಳನ್ನು ನಿಧಾನಿಸಿ ನೋಡಿದವರಿಗೆ ಒಂದು ವಿಶೇಷ ಕಾಣುತ್ತದೆ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದಕ್ಕಿಂತ ಹೆಚ್ಚಾಗಿ ಜನರ ಮುಖಗಳ ಕಡೆಗೆ ಹೊರಳುತ್ತದೆ. ಚಪ್ಪಟೆ ಟೋಪಿಯ ಗಂಡಸರು, ಹುಡುಗರು ಸಾಲುಸಾಲಾಗಿ ಅದರೆದುರು ಹಾದುಹೋಗುತ್ತ ಕೈ ಬೀಸುತ್ತಾರೆ, ನಗುತ್ತಾರೆ. ಇದು ಛಾಯಾಗ್ರಾಹಕನ ಅಜ್ಞಾನವಲ್ಲ, ಅವನ ವ್ಯಾಪಾರ. ಹಗಲು ತೆಗೆದ ಚಿತ್ರವನ್ನು ಬೇಗನೆ ಅದೇ ಊರಿನ ಸಭಾಂಗಣದಲ್ಲೋ ಜಾತ್ರೆಯಲ್ಲೋ ತೋರಿಸಿದಾಗ ಜನ ಟಿಕೆಟ್ ಕೊಂಡು ಬರುತ್ತಿದ್ದದ್ದು ತಮ್ಮ ಮುಖವನ್ನು ತೆರೆಯ ಮೇಲೆ ಕಾಣುವ ಆಸೆಯಿಂದ. ಇಂದಿನ ಸರಣಿಯಲ್ಲಿ ಆ ಮುಖಗಳು ಕೆಲವೇ ಕ್ಷಣ ಹಾದುಹೋಗುವಾಗ ಅವು ಬರಿಯ ಅಲಂಕಾರದಂತೆ ಕಾಣುತ್ತವೆ. ಶನಿವಾರದ ಅರ್ಧ ದಿನದ ರಜೆ ಕಾರ್ಮಿಕನಿಗೆ ಏನನ್ನು ತಂದುಕೊಟ್ಟಿತೆಂಬುದಕ್ಕೆ ಅವುಗಳಿಗಿಂತ ದೊಡ್ಡ ಸಾಕ್ಷ್ಯ ಬೇರಿಲ್ಲ. ಸರಣಿಯ ಆರಂಭದ ಕಂತು ‘ನಿಧಾನ’ವಾಯಿತೆಂದು ಬರೆಯುವವರು ಆ ಮುಖಗಳ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕು ಎಂಬುದು ಈ ಪತ್ರದ ಕೋರಿಕೆ.

ಆಮೇಲೆ ಬಂದದ್ದು ನ್ಯೂಸ್‌ರೀಲ್, ಅಂದರೆ ಸಿನಿಮಾ ಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ತೋರಿಸುತ್ತಿದ್ದ ಕೆಲವು ನಿಮಿಷಗಳ ವಾರ್ತಾಚಿತ್ರ. ಕ್ಯಾಮೆರಾದಲ್ಲಿ ಹಿಡಿಯುವ ಫಿಲ್ಮು ಸ್ವಲ್ಪವೇ, ಅದರ ಬೆಲೆ ಹೆಚ್ಚು. ಆದ್ದರಿಂದ 90 ನಿಮಿಷದ ಪಂದ್ಯದಲ್ಲಿ ಯಾವ ಗಳಿಗೆಗೆ ಕ್ಯಾಮೆರಾ ತಿರುಗಿಸಬೇಕೆಂಬುದು ಛಾಯಾಗ್ರಾಹಕನ ಊಹೆಗೆ ಬಿಟ್ಟ ಮಾತಾಗಿತ್ತು. ಅವನು ಗೋಲುಗಂಬದ ಬಳಿ ಕಾದು ಕುಳಿತಿರುತ್ತಿದ್ದ. ದೊಡ್ಡ ಪಂದ್ಯಗಳ ಚಿತ್ರೀಕರಣದ ಹಕ್ಕನ್ನು ಒಂದು ಕಂಪನಿ ಹಣ ಕೊಟ್ಟು ಕೊಂಡರೆ ಉಳಿದವು ಕಳ್ಳದಾರಿಯಲ್ಲಿ ಕ್ಯಾಮೆರಾ ಒಯ್ಯುತ್ತಿದ್ದವು. 1936ರಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ನಡುವಿನ ಎಫ್‌ಎ ಕಪ್ ಫೈನಲ್ಲಿಗೆ ವಾರ್ತಾಚಿತ್ರದವರನ್ನು ವೆಂಬ್ಲಿ ಕ್ರೀಡಾಂಗಣದೊಳಗೆ ಬಿಡದಿದ್ದಾಗ, ಅವರು ಹೆಲಿಕಾಪ್ಟರಿನ ಪೂರ್ವಜನಂತಿದ್ದ ಆಟೋಜೈರೊ ಎಂಬ ವಿಮಾನಗಳನ್ನು ಬಾಡಿಗೆಗೆ ಹಿಡಿದು ಆಕಾಶದಿಂದಲೇ ಚಿತ್ರ ತೆಗೆದರು. ಆ ಪಂದ್ಯದ ದೃಶ್ಯ ಬಂದಾಗ ಆಟಗಾರರು ಇರುವೆಗಳಷ್ಟು ಚಿಕ್ಕದಾಗಿ ಕಾಣುವುದಕ್ಕೆ ಹಣದ ಜಗಳವೊಂದು ಕಾರಣವೆಂಬುದನ್ನು ಹೇಳದ ಸರಣಿ ಅರ್ಧ ಚರಿತ್ರೆಯನ್ನು ಬಿಟ್ಟಂತೆ.

ಈ ಪದ್ಧತಿಯ ಫಲವಾಗಿ ಉಳಿದುಬಂದದ್ದು ಗೋಲುಗಳ ಚರಿತ್ರೆ. ಆಟದ ರೂಪವನ್ನೇ ಬದಲಿಸಿದ ಸಂಗತಿಗಳು ಗೋಲಿನ ದೃಶ್ಯದಲ್ಲಿ ಕಾಣುವುದಿಲ್ಲ. ಜೊತೆಯವನು ಚೆಂಡನ್ನು ಒದೆಯುವ ಗಳಿಗೆಯಲ್ಲಿ ಮುನ್ನುಗ್ಗಿದ ಆಟಗಾರನ ಮುಂದೆ ಎದುರಾಳಿಗಳು ಇಂತಿಷ್ಟು ಮಂದಿ ಇರಲೇಬೇಕೆಂಬ ಆಫ್‌ಸೈಡ್ ನಿಯಮ 1925ರಲ್ಲಿ ಸಡಿಲವಾಗಿ, ಮೂವರ ಬದಲು ಇಬ್ಬರಿದ್ದರೆ ಸಾಕೆಂದಾಯಿತು. ಗೋಲುಗಳು ಒಮ್ಮೆಗೇ ಏರಿದವು. ಅದನ್ನು ತಡೆಯಲು ಆರ್ಸೆನಲ್ ತಂಡದ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಮಧ್ಯದ ಆಟಗಾರನೊಬ್ಬನನ್ನು ಹಿಂದಕ್ಕೆ ಸರಿಸಿ ರಕ್ಷಕನನ್ನಾಗಿ ನಿಲ್ಲಿಸಿದರು. ಇದನ್ನು ಅರಿಯಬೇಕಾದರೆ ಇಡೀ ಮೈದಾನ ಒಂದೇ ಚೌಕಟ್ಟಿನಲ್ಲಿ ಕಾಣಬೇಕು, ಅಂಥ ಚಿತ್ರ ಆ ಕಾಲದ್ದು ಬಹು ವಿರಳ. 1953ರ ನವೆಂಬರ್ 25ರಂದು ಹಂಗೆರಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿದ್ದರ ಗುಟ್ಟು ಮೂರು ಗೋಲು ಹೊಡೆದ ಹಿಡೆಗ್ಕುಟಿ ಮುಂಚೂಣಿಯ ನಡುವಿನ ಆಟಗಾರನಾಗಿದ್ದೂ ಹಿಂದೆ ಸರಿದು ಆಡಿದ್ದರಲ್ಲಿ, ಅವರನ್ನು ಬೆನ್ನಟ್ಟಬೇಕೋ ಬೇಡವೋ ಎಂದು ಇಂಗ್ಲೆಂಡಿನ ರಕ್ಷಕರು ಗೊಂದಲಕ್ಕೆ ಬಿದ್ದದ್ದರಲ್ಲಿ ಇತ್ತು. ಸರಣಿಗಳು ತಪ್ಪದೆ ತೋರಿಸುವುದೋ, ಹಂಗೆರಿಯ ಪುಷ್ಕಾಶ್ ಚೆಂಡನ್ನು ಅಂಗಾಲಿನಿಂದ ಹಿಂದಕ್ಕೆಳೆದು ಇಂಗ್ಲೆಂಡಿನ ಬಿಲ್ಲಿ ರೈಟ್ ಅವರನ್ನು ದಾಟಿದ ಆ ಒಂದು ಗೋಲನ್ನು. ಅದು ಸೊಗಸಾದದ್ದೇ, ಆದರೆ ಪಂದ್ಯದ ವಿವರಣೆ ಅದರಲ್ಲಿಲ್ಲ.

ಇಂಗ್ಲೆಂಡಿನ ಅತಿ ಪಾಲಿನ ಬಗೆಗಿನ ದೂರಿಗೂ ಉತ್ತರದ ಒಂದು ಭಾಗ ಇಲ್ಲೇ ಇದೆ. ವಾರ್ತಾಚಿತ್ರದ ದೊಡ್ಡ ಕಂಪನಿಗಳು ಇದ್ದಲ್ಲಿ ಫಿಲ್ಮಿನ ಡಬ್ಬಿಗಳು ಉಳಿದವು, ಡಬ್ಬಿಗಳು ಉಳಿದಲ್ಲಿ ಚರಿತ್ರೆ ಉಳಿಯಿತು. ಉರುಗ್ವೆ 1924 ಮತ್ತು 1928ರ ಒಲಿಂಪಿಕ್ ಚಿನ್ನ ಗೆದ್ದು, 1930ರ ಜುಲೈ 30ರಂದು ಮಾಂಟೆವಿಡಿಯೊದಲ್ಲಿ ಅರ್ಜೆಂಟೀನವನ್ನು 4–2ರಿಂದ ಸೋಲಿಸಿ ಮೊದಲ ವಿಶ್ವಕಪ್ ಎತ್ತಿದಾಗ ಆ ಆಟದ ಅತ್ಯುನ್ನತ ಮಟ್ಟ ಲ್ಯಾಟಿನ್ ಅಮೆರಿಕದಲ್ಲಿತ್ತು. ಇಂಗ್ಲೆಂಡ್ ಆ ಕೂಟಕ್ಕೆ ಹೋಗಲೇ ಇಲ್ಲ. ಅಷ್ಟು ದೊಡ್ಡ ಪಂದ್ಯದಿಂದ ಉಳಿದುಬಂದದ್ದು ಚೂರುಪಾರು ದೃಶ್ಯಗಳು. 1950ರ ಜುಲೈ 16ರಂದು ಮರಕಾನ ಕ್ರೀಡಾಂಗಣದಲ್ಲಿ ಬ್ರೆಜಿಲ್ 2–1ರಿಂದ ಉರುಗ್ವೆಗೆ ಸೋತದ್ದನ್ನು ಒಂದೂಮುಕ್ಕಾಲು ಲಕ್ಷದಷ್ಟು ಜನ ಕಣ್ಣಾರೆ ಕಂಡರು, ಉಳಿದ ದೇಶ ರೇಡಿಯೊದಲ್ಲಿ ಕೇಳಿತು. ಬ್ರೆಜಿಲ್‌ನಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾದದ್ದು ಆಮೇಲೆ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಉರುಗ್ವೆಯ ಗಿಜ್ಜಿಯ ಹೊಡೆದ ಗೆಲುವಿನ ಗೋಲು, ಅದನ್ನು ತಡೆಯಲಾಗದೆ ಜೀವಮಾನವಿಡೀ ನಿಂದೆ ಹೊತ್ತ ಬ್ರೆಜಿಲ್ ಗೋಲ್‌ಕೀಪರ್ ಬಾರ್ಬೊಜ, ಇವರಿಬ್ಬರ ಕಥೆಯನ್ನು ಬ್ರೆಜಿಲ್ ಜನರ ನೆನಪು ಹೊತ್ತಷ್ಟು ಯಾವ ಫಿಲ್ಮೂ ಹೊತ್ತಿಲ್ಲ.

ದೃಶ್ಯ ಇಲ್ಲದಿರುವುದು ಒಂದು ಬಗೆಯ ಅನ್ಯಾಯವಾದರೆ, ಇರುವ ದೃಶ್ಯವನ್ನು ಸಂದರ್ಭದಿಂದ ಕಿತ್ತು ತೋರಿಸುವುದು ಇನ್ನೂ ದೊಡ್ಡ ಅನ್ಯಾಯ. ಇದಕ್ಕೆ 1974ರ ವಿಶ್ವಕಪ್ಪಿನ ಒಂದು ತುಣುಕಿಗಿಂತ ಸ್ಪಷ್ಟ ಉದಾಹರಣೆ ಸಿಗಲಾರದು. ಪಶ್ಚಿಮ ಜರ್ಮನಿಯ ಗೆಲ್ಸೆನ್‌ಕಿರ್ಷೆನ್‌ನಲ್ಲಿ ಬ್ರೆಜಿಲ್ ಎದುರು ಜೈರ್ ಆಡುತ್ತಿದೆ. ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯಕ್ಕೆ ಆಗ ಜೈರ್ ಎಂದು ಹೆಸರು. ಬ್ರೆಜಿಲ್‌ಗೆ ಫ್ರೀ ಕಿಕ್ ಸಿಕ್ಕಿದೆ, ಚೆಂಡು ನೆಲದ ಮೇಲಿದೆ, ಎದುರಿಗೆ ಜೈರ್ ಆಟಗಾರರ ಸಾಲು ನಿಂತಿದೆ. ರೆಫರಿಯ ಸೀಟಿ ಕೇಳಿದೊಡನೆ ಆ ಸಾಲಿನಿಂದ ರಕ್ಷಕ ಮ್ವೆಪು ಇಲುಂಗ ಓಡಿಬಂದು, ಬ್ರೆಜಿಲ್ ಆಟಗಾರರು ಹೊಡೆಯಬೇಕಿದ್ದ ಚೆಂಡನ್ನು ತಾವೇ ದೂರಕ್ಕೆ ಒದೆಯುತ್ತಾರೆ. ಎದುರಾಳಿಗಳು ಬೆರಗಾಗುತ್ತಾರೆ, ರೆಫರಿ ಹಳದಿ ಕಾರ್ಡ್ ತೋರಿಸುತ್ತಾರೆ. ಈ ತುಣುಕು ದಶಕಗಟ್ಟಲೆ ನಗೆಯ ಸಾಮಗ್ರಿಯಾಗಿ ಚಲಾವಣೆಯಾಯಿತು, ನಿಯಮವೇ ಗೊತ್ತಿಲ್ಲದ ಆಫ್ರಿಕದವರು ಎಂಬ ಟಿಪ್ಪಣಿಯೊಂದಿಗೆ.

ಆದರೆ ಆ ತಂಡ ಅದೇ ವರ್ಷ ಆಫ್ರಿಕ ಖಂಡದ ಚಾಂಪಿಯನ್ ಆಗಿತ್ತು. ಆಟಗಾರರಿಗೆ ಸಲ್ಲಬೇಕಿದ್ದ ಹಣ ಅವರ ಕೈಸೇರಲಿಲ್ಲ. ಹಿಂದಿನ ಪಂದ್ಯದಲ್ಲಿ ಯುಗೋಸ್ಲಾವಿಯಕ್ಕೆ 9–0ರಿಂದ ಸೋತ ಮೇಲೆ ಸರ್ವಾಧಿಕಾರಿ ಮೊಬುಟು ಅವರ ಕಡೆಯವರು ಬಂದು, ಬ್ರೆಜಿಲ್‌ಗೆ ಮೂರಕ್ಕಿಂತ ಹೆಚ್ಚು ಗೋಲುಗಳಿಂದ ಸೋತರೆ ಮನೆ ಸೇರುವುದಿಲ್ಲವೆಂದು ಬೆದರಿಸಿದರು ಎಂದು ಮ್ವೆಪು ಮುಂದೆ ಸಂದರ್ಶನಗಳಲ್ಲಿ ಹೇಳಿದರು. ನಿಯಮ ತಮಗೆ ಚೆನ್ನಾಗಿ ಗೊತ್ತಿತ್ತು, ಬೇಕೆಂದೇ ಹಾಗೆ ಮಾಡಿದೆ ಎಂಬುದೂ ಅವರದೇ ಮಾತು. ಪಂದ್ಯ 3–0ರಲ್ಲಿ ಮುಗಿಯಿತು. ಆ ಕೆಲವು ಸೆಕೆಂಡುಗಳಲ್ಲಿ ಹೆದರಿದ, ವಂಚನೆಗೊಳಗಾದ ಮನುಷ್ಯನೊಬ್ಬ ಇದ್ದಾನೆ. ಇದನ್ನು ಬಲ್ಲ ವೀಕ್ಷಕನು, ಆಫ್ರಿಕಕ್ಕೆಂದೇ ಎಷ್ಟು ಸಮಯ ಮೀಸಲಿಟ್ಟರೆಂದು ಮೆಚ್ಚಿ ಸುಮ್ಮನಾಗದೆ, ಆ ಸಮಯದಲ್ಲಿ ಈ ತುಣುಕನ್ನು ಯಾವ ಮಾತಿನೊಡನೆ ತೋರಿಸಿದರು ಎಂದು ಕೇಳಲೇಬೇಕು.

ಆಡದೇ ಉಳಿದ ಪಂದ್ಯಗಳಿಗೂ ಚರಿತ್ರೆಯಿದೆ. 1966ರ ವಿಶ್ವಕಪ್ಪಿಗೆ ಆಫ್ರಿಕದ ವಿಜೇತ ತಂಡ ನೇರವಾಗಿ ಬರುವಂತಿರಲಿಲ್ಲ. ಏಷ್ಯ ಮತ್ತು ಓಷಿಯಾನಿಯದ ತಂಡಗಳೊಂದಿಗೆ ಒಂದೇ ಸ್ಥಾನಕ್ಕಾಗಿ ಸೆಣಸಬೇಕೆಂದು ಫಿಫಾ ವಿಧಿಸಿದ್ದರಿಂದ ಆಫ್ರಿಕದ ದೇಶಗಳು ಕೂಟವನ್ನೇ ಬಹಿಷ್ಕರಿಸಿದವು. 1970ರಿಂದ ಆ ಖಂಡಕ್ಕೆ ಸ್ವಂತ ಸ್ಥಾನ ಸಿಕ್ಕದ್ದು ಆ ಬಹಿಷ್ಕಾರದ ಫಲ. 1966ರ ದೃಶ್ಯಗಳಲ್ಲಿ ಕಾಣುವುದು ಇಂಗ್ಲೆಂಡಿನ ಜೆಫ್ ಹರ್ಸ್ಟ್ ಅವರ ವಿವಾದದ ಗೋಲು, ಇಟಲಿಯನ್ನು ಸೋಲಿಸಿದ ಉತ್ತರ ಕೊರಿಯ, ಪೋರ್ಚುಗಲ್ ಪರ ಒಂಬತ್ತು ಗೋಲು ಹೊಡೆದ ಯುಸೇಬಿಯೊ. ಆ ಯುಸೇಬಿಯೊ ಹುಟ್ಟಿದ್ದು ಆಗ ಪೋರ್ಚುಗಲ್ ವಸಾಹತಾಗಿದ್ದ ಮೊಜಾಂಬಿಕ್‌ನಲ್ಲಿ. ಆಫ್ರಿಕದ ದೇಶಗಳೇ ಇಲ್ಲದ ಕೂಟದಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಆಫ್ರಿಕದಲ್ಲಿ ಹುಟ್ಟಿದವನು ಎಂಬುದನ್ನು ಯಾವ ಕ್ಯಾಮೆರಾವೂ ತಾನಾಗಿ ತೋರಿಸಲಾರದು, ನಿರೂಪಕನೇ ಹೇಳಬೇಕು.

ಮಹಿಳೆಯರ ಆಟದ ವಿಷಯದಲ್ಲಿ ವೀಕ್ಷಕರ ಅಭಿಪ್ರಾಯಗಳು ಎರಡು ತುದಿಗೆ ಹೋಗುತ್ತವೆ: ಸಾಲದೆನ್ನುವವರು ಒಂದು ಕಡೆ, ಸೌಜನ್ಯಕ್ಕಾಗಿ ಸೇರಿಸಿದ್ದಾರೆ ಎನ್ನುವವರು ಇನ್ನೊಂದು ಕಡೆ. ಎರಡನೆಯವರಿಗೆ ಒಂದು ಸಂಗತಿ ತಿಳಿದಿರಬೇಕು. ಪ್ರೆಸ್ಟನ್ ಪಟ್ಟಣದ ಕಾರ್ಖಾನೆಯ ಹೆಂಗಸರ ತಂಡವಾದ ಡಿಕ್, ಕೆರ್ ಲೇಡೀಸ್ 1920ರ ಕ್ರಿಸ್‌ಮಸ್‌ನ ಮರುದಿನ ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಆಡಿದಾಗ ಸುಮಾರು 53,000 ಪ್ರೇಕ್ಷಕರಿದ್ದರು. ಮರುವರ್ಷದ ಡಿಸೆಂಬರ್ 5ರಂದು ಇಂಗ್ಲೆಂಡಿನ ಅಸೋಸಿಯೇಷನ್ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಮಹಿಳೆಯರ ಪಂದ್ಯಗಳಿಗೆ ನಿಷೇಧ ಹೇರಿತು. ಈ ನಿಷೇಧ ಅರ್ಧ ಶತಮಾನದ ಹತ್ತಿರ ನಡೆಯಿತು. ದೊಡ್ಡ ಮೈದಾನ ತಪ್ಪಿದ ಮೇಲೆ ದೊಡ್ಡ ಜನಸಂದಣಿ ತಪ್ಪಿತು, ಸಂದಣಿಯಿದ್ದಲ್ಲಿಗೆ ಹೋಗುತ್ತಿದ್ದ ಕ್ಯಾಮೆರಾಗಳಿಗೆ ಬರುವ ಕಾರಣ ಕಡಿಮೆಯಾಯಿತು. 1971ರಲ್ಲಿ ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣ ಕಿಕ್ಕಿರಿದು ತುಂಬಿದ್ದಾಗ ಡೆನ್ಮಾರ್ಕಿನ ಮಹಿಳೆಯರು ಮೆಕ್ಸಿಕೊವನ್ನು 3–0ರಿಂದ ಸೋಲಿಸಿ ಗೆದ್ದ ಕೂಟವನ್ನು ಫಿಫಾ ಮಾನ್ಯ ಮಾಡಿರಲಿಲ್ಲ, ಅದರ ಚಿತ್ರಗಳು ಮೂಲೆ ಸೇರಿದ್ದವು. 2023ರ ‘ಕೋಪಾ 71’ ಎಂಬ ಸಾಕ್ಷ್ಯಚಿತ್ರ ಅವುಗಳನ್ನು ಹೊರತೆಗೆದು ತೋರಿಸಿದ ಮೇಲೆ, ಚಿತ್ರವೇ ಇಲ್ಲ ಎಂಬ ಸಬೂಬು ಎಷ್ಟು ದುರ್ಬಲವೆಂದು ಗೊತ್ತಾಯಿತು. ಹುಡುಕಿದವರಿಗೆ ಸಿಕ್ಕಿತು, ಅಷ್ಟೇ.

ಸರಣಿಗೂ ಒಂದು ವಯಸ್ಸಿದೆ ಎಂಬುದನ್ನು ಕೂಡ ಅಭಿಪ್ರಾಯ ಹೇಳುವವರು ಗಮನಿಸಬೇಕು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಜನರ ಒತ್ತಡಕ್ಕೆ ಸಿಕ್ಕಿ ಲಿವರ್‌ಪೂಲ್ ತಂಡದ ಬೆಂಬಲಿಗರು ಸತ್ತರು. ಪೊಲೀಸರು ಪರಿಸ್ಥಿತಿಯನ್ನು ನಿಭಾಯಿಸುವಲ್ಲಿ ಸೋತರೆಂದು 1989ರ ಅಧಿಕೃತ ತನಿಖೆಯ ವರದಿಯೇ ಹೇಳಿದ್ದರೂ, ಸತ್ತವರ ಮೇಲೆಯೇ ತಪ್ಪು ಹೊರಿಸುವ ಮಾತು ಬಹುಕಾಲ ನಡೆಯಿತು. ಪೊಲೀಸರ ಹೇಳಿಕೆಗಳನ್ನು ಎಷ್ಟರ ಮಟ್ಟಿಗೆ ತಿದ್ದಲಾಗಿತ್ತೆಂಬುದು ಸ್ವತಂತ್ರ ಸಮಿತಿಯ ವರದಿಯಿಂದ ಬಯಲಾದದ್ದು 2012ರಲ್ಲಿ, ಅವು ಕಾನೂನುಬಾಹಿರ ಸಾವುಗಳೆಂದು ತೀರ್ಪಾದದ್ದು 2016ರಲ್ಲಿ, ಗಾಯಾಳುವೊಬ್ಬರು ತೀರಿಕೊಂಡು ಸತ್ತವರ ಸಂಖ್ಯೆ 97 ಆದದ್ದು 2021ರಲ್ಲಿ. 2002ರ ಸರಣಿಗೆ ಈ ಕೊನೆಯ ಮೂರು ಸಂಗತಿಗಳು ಗೊತ್ತಿರಲು ಸಾಧ್ಯವಿಲ್ಲ. ಅದನ್ನು ಇಂದು ಕೊಂಡು ನೋಡುವ ಹೊಸಬರಿಗೆ ಈ ಮಾತನ್ನು ತಿಳಿಸುವುದು, ನಿರೂಪಕನ ಧ್ವನಿ ಇಂಪಾಗಿದೆ ಎಂದು ತಿಳಿಸುವುದಕ್ಕಿಂತ ಎಷ್ಟೋ ಪಾಲು ಅಗತ್ಯದ ಕೆಲಸ.

ಭಾರತದ ವೀಕ್ಷಕರ, ಅವರಲ್ಲೂ ಕನ್ನಡಿಗರ ಮಾತಿಗೆ ಬಂದರೆ, ಜಗತ್ತಿನ ಚರಿತ್ರೆಯಲ್ಲಿ ಭಾರತಕ್ಕೆ ಹೆಚ್ಚೆಂದರೆ ಒಂದು ಸಾಲು ಸಿಗುತ್ತದೆ, ಅದೂ ಬರಿಗಾಲಲ್ಲಿ ಆಡಲು ಬಿಡದ್ದರಿಂದ 1950ರ ವಿಶ್ವಕಪ್ಪಿಗೆ ಹೋಗಲಿಲ್ಲವೆಂಬ ಸಾಲು. ಆ ಕಾಲದ ಫೆಡರೇಷನ್ನಿಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಾಣಲಿಲ್ಲವೆಂದು ನಾಯಕ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದ್ದಾರೆ. ಪ್ರಯಾಣದ ದೂರ, ತಯಾರಿಯ ಕೊರತೆ, ಆಟಗಾರರ ಆಯ್ಕೆಯ ತೊಡಕುಗಳೂ ಅದರಲ್ಲಿ ಸೇರಿದ್ದವು. ಬರಿಗಾಲಿನ ಕಥೆ ಹೇಳುವುದಕ್ಕೆ ಸುಲಭವಾದ್ದರಿಂದ ಉಳಿಯಿತು. ಅದಕ್ಕೆ ಎರಡು ವರ್ಷ ಮೊದಲು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಇಲ್ಫರ್ಡ್‌ನ ಮೈದಾನದಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸ್ ಎದುರು ಎರಡು ಪೆನಾಲ್ಟಿಗಳನ್ನು ಗೋಲಾಗಿಸಲಾಗದೆ, ಪಂದ್ಯ ಮುಗಿಯುವ ಹೊತ್ತಿಗೆ ಬಿದ್ದ ಗೋಲಿನಿಂದ 2–1ರಲ್ಲಿ ಸೋತಿತು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರು, ಮುಂದೆ ಈಸ್ಟ್ ಬೆಂಗಾಲ್‌ನ ಐವರು ಪ್ರಸಿದ್ಧ ಮುಂಚೂಣಿ ಆಟಗಾರರಲ್ಲಿ ಒಬ್ಬರಾದವರು. ಅದಕ್ಕೂ ಹಿಂದೆ 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಾಗ, ಬ್ರಿಟಿಷ್ ಸೇನಾ ತಂಡಗಳ ಸೊತ್ತಿನಂತಿದ್ದ ಆ ಕಪ್ ಭಾರತೀಯರ ಕೈಗೆ ಬಂತು. ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿದ್ದ, ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮತ್ತೆ ಗೆದ್ದದ್ದು 2023ರಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ.

ಇವೆಲ್ಲ ಹೊರದೇಶದ ಸರಣಿಯಲ್ಲಿ ಇಲ್ಲವೆಂದು ಮುನಿಯುವುದು ಸಹಜ. ಆದರೆ ಬ್ಲ್ಯಾಕ್‌ಬರ್ನ್‌ನ ನೆಲಮಾಳಿಗೆಯಲ್ಲಿ ಪೀಪಾಯಿಗಳಿದ್ದವು. ಬೆಂಗಳೂರಿನ ದಂಡು ಪ್ರದೇಶದ ಮೈದಾನಗಳ ಆ ಹಳೆಯ ಪಂದ್ಯಗಳು ಬಹುಮಟ್ಟಿಗೆ ಉಳಿದಿರುವುದು ಪತ್ರಿಕೆಗಳ ಅಂಕಣಗಳಲ್ಲಿ, ಗುಂಪು ಫೋಟೋಗಳಲ್ಲಿ, ಮುಪ್ಪಿನ ಆಟಗಾರರ ಬಾಯಲ್ಲಿ. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡು ಫುಟ್‌ಬಾಲನ್ನು ಉಸಿರಾಡುವ ಹಲಸೂರಿನ ಗೌತಮಪುರದಲ್ಲಿ, ಆಸ್ಟಿನ್ ಟೌನ್‌ನಲ್ಲಿ ಆ ನೆನಪು ಇನ್ನೂ ಹಸಿಯಾಗಿದೆ. ಅದನ್ನು ಧ್ವನಿಮುದ್ರಿಸುವ, ಫೋಟೋದ ಹಿಂಬದಿಯಲ್ಲಿ ಆಟಗಾರರ ಹೆಸರು ಬರೆದಿಡುವ ಕೆಲಸವನ್ನು ಇಲ್ಲಿನ ವೀಕ್ಷಕರೇ ಮಾಡಬಹುದು. ಮುಂದೆ ಯಾರಾದರೂ ಸರಣಿ ಮಾಡಲು ಬಂದಾಗ ಅವರ ಕೈಗೆ ಕೊಡಲು ಏನಾದರೂ ಇರಬೇಕು.

ಆದ್ದರಿಂದ ಈ ಪತ್ರ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಬಾರಿ ಅಭಿಪ್ರಾಯ ಬರೆಯುವಾಗ ಯಾವ ಕಂತಿನ ಯಾವ ದೃಶ್ಯ ಎಂಬುದನ್ನು ನಮೂದಿಸಬೇಕು. ಮಾತು ಒಂದು ಪಂದ್ಯದ್ದು, ಚಿತ್ರ ಇನ್ನೊಂದು ಪಂದ್ಯದ್ದು ಆಗಿದ್ದರೆ ಅದನ್ನು ಎತ್ತಿ ತೋರಿಸಬೇಕು. ದೃಶ್ಯದ ಮೂಲ, ವರ್ಷ, ತೆಗೆದವರು ಯಾರು ಎಂಬುದನ್ನು ತೆರೆಯ ಕೆಳಗೆ ಒಂದು ಸಾಲಿನಲ್ಲಿ ಕೊಡುವಂತೆ ತಯಾರಕರನ್ನು ಒತ್ತಾಯಿಸಬೇಕು. ಆ ಸಾಲಿಗೆ ಹಣವೂ ಹೆಚ್ಚು ಬೇಕಿಲ್ಲ, ಸಮಯವೂ ಬೇಕಿಲ್ಲ. ಮ್ವೆಪು ಇಲುಂಗ ಅವರ ತುಣುಕನ್ನು ನಗೆಗಾಗಿ ಬಳಸಿದ ಸರಣಿ ಯಾವುದೇ ಆಗಿರಲಿ, ಉಳಿದ ಕಂತುಗಳು ಎಷ್ಟೇ ಚೆನ್ನಾಗಿರಲಿ, ಆ ಒಂದು ಕಾರಣಕ್ಕೆ ಅದರ ಅಂಕ ಕಡಿತವಾಗಬೇಕು. ಕಡಿತ ಮಾಡಿದ ಕಾರಣವನ್ನು ಅದರ ಪಕ್ಕದಲ್ಲೇ ಬಿಡಿಸಿ ಬರೆಯಬೇಕು.